ಸೊನ್ನೆ, ನೂರೆಂಬತ್ತು

ನಮ್ಮ ಮನೆಯ ಹಿಂದಿನ ರೂಮು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮಾಡಿದ್ದು ಗೊತ್ತಾದ ಮೇಲೆ ಯಾರೂ ನನ್ನ ಪರ ನಿಲ್ಲುವುದಿಲ್ಲ, ಆಗ ಹೇಳಿ ಪ್ರಯೋಜನವೂ ಇಲ್ಲ.

ಭದ್ರಾವತಿಯ ಕ್ವಾರ್ಟರ್ಸಿನ ಎರಡು ಕೋಣೆಗಳಲ್ಲಿ ಇಪ್ಪತ್ತಾರು ವರ್ಷ ಸಂಸಾರ ಮಾಡಿದವರು ನಾವು. ಗಂಡ ಕಾರ್ಖಾನೆಯಲ್ಲಿ ಮೆಕ್ಯಾನಿಕಲ್ ಫೋರ್‌ಮನ್, ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವಳು. ಮಕ್ಕಳಿಲ್ಲ. ಮರುದಿನದ ಪಾಠದ ಟಿಪ್ಪಣಿಯನ್ನು ನಾನು ಅಡುಗೆಕಟ್ಟೆಯ ಮೇಲೆ ಬರೆಯುತ್ತಿದ್ದೆ, ಒಂದು ಪಕ್ಕ ಕುಕ್ಕರ್, ಇನ್ನೊಂದು ಪಕ್ಕ ಹೆಚ್ಚಿಟ್ಟ ಬೀನ್ಸು. ನನ್ನ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳ ಮೇಲೆ ಸಾರಿನ ಕಲೆ ಇರುತ್ತಿತ್ತು. ಅವರಿಗೆ ಅವನ್ನು ಹಿಂದಿರುಗಿಸುವಾಗ ನನಗೆ ನಾಚಿಕೆಯಾಗುತ್ತಿತ್ತು. ಇವರಿಗೆ ಕೂರಲು ಹಾಲಿನಲ್ಲಿ ಒಂದು ಬೆತ್ತದ ಕುರ್ಚಿ ಯಾವಾಗಲೂ ಇತ್ತು.

ಶಿವಮೊಗ್ಗದ ವಿನೋಬನಗರದಲ್ಲಿ ಸಣ್ಣದೊಂದು ಸೈಟು ತೆಗೆದು ಮನೆ ಕಟ್ಟಿಸುವಾಗ ನಾನು ಕೇಳಿದ್ದು ಒಂದೇ. ಹಿಂದುಗಡೆ ಹತ್ತಡಿ ಹನ್ನೆರಡಡಿಯ ಒಂದು ರೂಮು, ಅದರಲ್ಲಿ ನನ್ನದೊಂದು ಟೇಬಲ್ಲು. "ಕಟ್ಸೋಣ ಬಿಡು ಮಾರಾಯ್ತಿ, ಅದು ನಿಂದೇ," ಎಂದರು. ಪ್ಲಾನಿನ ಕಾಗದದ ಮೇಲೆ ಆ ಚೌಕದೊಳಗೆ ಇಂಜಿನಿಯರ್ ನನ್ನ ಮುಂದೆಯೇ 'ಸ್ಟಡಿ' ಎಂದು ಬರೆದಿದ್ದ.

ಇವರು ನನಗಿಂತ ಎರಡು ವರ್ಷ ಮೊದಲು ರಿಟೈರಾದರು. ನಾನು ಬೆಳಿಗ್ಗೆ ಭದ್ರಾವತಿಗೆ ಬಸ್ಸು ಹತ್ತಿ ಸಂಜೆ ಬರುವ ಹೊತ್ತಿಗೆ ಆ ರೂಮಿನೊಳಗೆ ಒಂದೊಂದೇ ಸಾಮಾನು ಸೇರುತ್ತಿತ್ತು. ಮೊದಲು ಒಂದು ಆಂಪ್ಲಿಫೈಯರ್. ಆಮೇಲೆ ಸೊಂಟದೆತ್ತರದ ಎರಡು ಸ್ಪೀಕರ್. ಆಮೇಲೆ ಒರಗುವ ಕುರ್ಚಿ. ಕೊನೆಗೆ ಅಕ್ಕಿ ಡ್ರಮ್ಮಿನ ಗಾತ್ರದ ಒಂದು ಕಪ್ಪು ಪೆಟ್ಟಿಗೆ ಬಂತು. ಅದು ಸಬ್‌ವೂಫರ್. ಹಾಡಿನ ತಳದಲ್ಲಿ ಗುಮ್ಮೆನ್ನುವ ದನಿ ಇರುತ್ತದಲ್ಲ, ಅದನ್ನು ಮಾತ್ರ ಹೊರಡಿಸುವುದು ಅದರ ಕೆಲಸ. ನಾನು ರಿಟೈರಾಗಿ ಹಾರ ಹಾಕಿಸಿಕೊಂಡು ಮನೆಗೆ ಬಂದ ದಿನ ನನ್ನ ಟೇಬಲ್ಲು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ತಗಡಿನ ಮಾಡಿನ ಕೆಳಗಿತ್ತು.

"ಅದು ಬಾಸ್‌ಗೆ ಗಡಗಡ ಅಂತಿತ್ತು, ಅದಕ್ಕೆ ಹೊರಗಿಟ್ಟೆ. ಒಂದೆರಡು ತಿಂಗಳು, ಆಮೇಲೆ ನೋಡೋಣ," ಎಂದರು.

ನನ್ನ ಟೇಬಲ್ಲು ಗಡಗಡ ಅನ್ನುತ್ತದೆ ಎಂದು ನನ್ನ ರೂಮಿನಿಂದ ಅದನ್ನು ಹೊರಗೆ ಹಾಕಿದ ಮನುಷ್ಯನ ಜೊತೆ ನಾನು ಆವತ್ತು ಊಟಕ್ಕೆ ಕೂತೆ. ಜಗಳವಾಡಲಿಲ್ಲ. ಆಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತೇನೋ. ಬಾಯಿ ಮುಚ್ಚಿಕೊಂಡು ಹೊಟ್ಟೆಯೊಳಗೆ ಇಟ್ಟುಕೊಳ್ಳುವುದು ನನ್ನ ಹಳೆಯ ಚಾಳಿ.

ಆ ಕಪ್ಪು ಪೆಟ್ಟಿಗೆಗೆ ಜಾಗ ಹುಡುಕುವುದೇ ಒಂದು ದೊಡ್ಡ ರಾಮಾಯಣವಾಯಿತು. ಭದ್ರಾವತಿಯಿಂದ ಇವರ ಗೆಳೆಯರೊಬ್ಬರು ಬರುತ್ತಿದ್ದರು, ಅದೇ ಕಾರ್ಖಾನೆಯ ಎಲೆಕ್ಟ್ರಿಷಿಯನ್, ಮನೆಮಾತು ತಮಿಳು. ಅವರು ಬಂದವರೇ, "ಅಣ್ಣಾ, ಭಾರದ ಸಾಮಾನು ನೈಋತ್ಯಕ್ಕೇ ಇಡಬೇಕು," ಎಂದು ವಾಸ್ತು ಹೇಳಿ ಅದನ್ನು ಮೂಲೆಗೆ ತಳ್ಳಿದರು. ಮೂಲೆಯಲ್ಲಿ ಎರಡು ಗೋಡೆ ಸೇರುವುದರಿಂದ ತಳದ ದನಿ ಅಲ್ಲಿ ಉಬ್ಬಿಕೊಳ್ಳುತ್ತದೆ. ಇದು ಪಿಯು ಹುಡುಗರಿಗೂ ಹೇಳಿದರೆ ತಿಳಿಯುತ್ತದೆ. ಇಬ್ಬರೂ ಒಂದು ತಿಂಗಳು ಗೊಡ ಗೊಡ ಗೊಡ ಎಂದು ಕೇಳಿ ತಲೆ ಆಡಿಸಿದರು. ಅಡುಗೆಮನೆಯಲ್ಲಿ ನನ್ನ ಸ್ಟೀಲ್ ತಟ್ಟೆಗಳು ಸ್ಟ್ಯಾಂಡಿನಲ್ಲಿ ನಡುಗುತ್ತಿದ್ದವು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮೂವತ್ತು ವರ್ಷ ಅಲೆ, ಶಬ್ದ, ಅನುರಣನ ಎಂದು ಗಂಟಲು ಹರಿದುಕೊಂಡವಳು ಅದೇ ಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು.

ಆಮೇಲೆ ಇವರು ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ ಹೊಸ ವಿದ್ಯೆ ಕಲಿತರು. ಪೆಟ್ಟಿಗೆಯನ್ನು ಎತ್ತಿ ನಾವು ಕೂರುವ ಕುರ್ಚಿಯ ಮೇಲೆ ಇಡಬೇಕು. ಒಂದೇ ಸಮನೆ ತಳದ ದನಿ ಹಾಕಿ, ನಾವು ಗೋಡೆಯ ಉದ್ದಕ್ಕೂ ಅಂಬೆಗಾಲಿಡುತ್ತಾ ಹೋಗಬೇಕು. ಎಲ್ಲಿ ದನಿ ಉಬ್ಬದೆ, ಬತ್ತದೆ, ಹದವಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆ ಇಡಬೇಕು. ಅರವತ್ತೆರಡು ವರ್ಷದ ಗಂಡಸು, ಪಂಚೆ ಎತ್ತಿ ಕಟ್ಟಿಕೊಂಡು, ಮಂಡಿಗೆ ದಿಂಬು ಕಟ್ಟಿಕೊಂಡು, ಗೋಡೆಗೆ ಕಿವಿ ಕೊಟ್ಟು ಅಂಬೆಗಾಲಿಡುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ನನಗೆ ಒಂದು ಚೂರೂ ಕನಿಕರ ಬರಲಿಲ್ಲ. ಆದರೆ ವಿದ್ಯೆ ಸರಿಯಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಎಡಗೋಡೆಯ ನಡುವಿಗಿಂತ ತುಸು ಹಿಂದೆ ಜಾಗ ಸಿಕ್ಕಿತು. ನೆಲದ ಮೇಲೆ ಹಳದಿ ಪೇಂಟಿನಲ್ಲಿ ನಾಲ್ಕು ಮೂಲೆ ಗುರುತು ಹಾಕಿದರು, ಕಾರ್ಖಾನೆಯಲ್ಲಿ ಮಷೀನಿಗೆ ಹಾಕುವ ಹಾಗೆ. ಗ್ರಾನೈಟ್ ಹಾಕಿಸಲು ನಾನು ಪಟ್ಟ ಪಾಡು ನೆನೆದರೆ ಈಗಲೂ ಮೈ ಉರಿಯುತ್ತದೆ.

ಇನ್ನು ಉಳಿದಿದ್ದು ಫೇಸ್, ಅಂದರೆ ಎರಡು ಅಲೆಗಳ ಹೆಜ್ಜೆ, ಹೊಂದಿಸುವುದು. ಅದಕ್ಕೆ ಎರಡನೆಯ ಮನುಷ್ಯ ಬೇಕು, ಆದ್ದರಿಂದ ನನ್ನ ನೆನಪಾಯಿತು. ಪೆಟ್ಟಿಗೆಯ ಬೆನ್ನಿನಲ್ಲಿ ಒಂದು ಪುಟ್ಟ ಸ್ವಿಚ್ಚಿರುತ್ತದೆ, ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ನೂರೆಂಬತ್ತು. ಸ್ಪೀಕರಿನ ಅಲೆ ಏಳುವಾಗ ಪೆಟ್ಟಿಗೆಯ ಅಲೆಯೂ ಎದ್ದರೆ ದನಿ ತುಂಬಿ ಬರುತ್ತದೆ. ಒಂದು ಏಳುವಾಗ ಇನ್ನೊಂದು ಬಿದ್ದರೆ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಎರಡರ ದನಿಯೂ ಸೇರುವ ಆ ತಳದ ಸ್ವರಗಳಲ್ಲೇ ಮೃದಂಗದ ತುಂಬು, ಗಂಡು ದನಿಯ ಎದೆ ಎಲ್ಲ ಇರುವುದು. ಇವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತರು. ನಾನು ಗೋಡೆ ಮತ್ತು ಪೆಟ್ಟಿಗೆಯ ಸಂದಿಯಲ್ಲಿ ಕೈ ತೂರಿಸಿ ಕೂತೆ.

"ಸೊನ್ನೆ," ಎಂದೆ.

"ಹ್ಞೂಂ. ಬಂತು. ಈಗ ಆಕಡೆ ಹಾಕು."

"ನೂರೆಂಬತ್ತು."

"ಹೋಯ್ತು ಮಾರಾಯ್ತಿ! ನೆಲ ಕಿತ್ಕೊಂಡ್ ಹೋದಂಗಾಯ್ತು. ವಾಪಸ್ ಹಾಕು, ವಾಪಸ್ ಹಾಕು."

ಸೊನ್ನೆಗೆ ಹಾಕಿದೆ. ಇವರ ಮುಖ ಅರಳಿತು. ಎದ್ದು ಬಂದು, ತಮ್ಮ ಟೋಕನ್ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಆ ಸ್ವಿಚ್ಚಿನ ಪಕ್ಕದ ಸ್ಕ್ರೂಗೆ ದಾರ ಕಟ್ಟಿ ನೇತುಹಾಕಿದರು.

ಈ ಬಿಲ್ಲೆಯ ವಿಷಯ ಹೇಳಬೇಕು. ಕಾರ್ಖಾನೆಯಲ್ಲಿ ಒಬ್ಬ ಮನುಷ್ಯ ಮಷೀನಿನೊಳಗೆ ಕೈ ಹಾಕುವ ಮೊದಲು ಅದರ ಸ್ವಿಚ್ಚು ಆರಿಸಿ ತನ್ನ ಬಿಲ್ಲೆ ನೇತುಹಾಕುತ್ತಾನೆ. ಆ ಬಿಲ್ಲೆ ಇರುವ ತನಕ ಆ ಸ್ವಿಚ್ಚನ್ನು ಅವನ ಹೊರತು ಇನ್ನೊಬ್ಬ ಮುಟ್ಟುವುದಿಲ್ಲ, ಮ್ಯಾನೇಜರ್ ಬಂದರೂ ಮುಟ್ಟುವುದಿಲ್ಲ. ಒಬ್ಬನ ಜೀವ ಅದರ ಮೇಲೆ ನಿಂತಿರುತ್ತದೆ. ಭದ್ರಾವತಿಯ ಕ್ವಾರ್ಟರ್ಸಿನ ಗಂಡಸರು ಇದನ್ನು ಮನೆಗೂ ತಂದಿದ್ದರು. ಮಿಕ್ಸಿ ರಿಪೇರಿಗೆ ಕೂತರೂ ಪ್ಲಗ್ಗಿನ ಮೇಲೆ ಬಿಲ್ಲೆ. ಹೆಂಗಸರು, ಮಕ್ಕಳು ಯಾರೂ ಮುಟ್ಟುತ್ತಿರಲಿಲ್ಲ. ನಾನೂ ಮದುವೆಯಾದಾಗಿನಿಂದ ಒಂದು ದಿನವೂ ಮುಟ್ಟಿರಲಿಲ್ಲ.

ಇವರಿಗೆ ಇನ್ನೊಂದು ಕೆಲಸವಿತ್ತು. ಮಾಚೇನಹಳ್ಳಿಯ ಸಣ್ಣ ವರ್ಕ್‌ಶಾಪುಗಳವರು ವಾರಕ್ಕೊಮ್ಮೆ ಕರೆಸುತ್ತಿದ್ದರು. ಇವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗೆ ಊರಿ, ಹಿಡಿಯನ್ನು ಕಿವಿಯ ಹತ್ತಿರದ ಎಲುಬಿಗೆ ಒತ್ತಿ, ಯಾವ ಬೇರಿಂಗು ಇನ್ನೆಷ್ಟು ದಿನ ಬಾಳುತ್ತದೆ ಎಂದು ಹೇಳುತ್ತಿದ್ದರು. ಹೇಳಿದ್ದು ತಪ್ಪಿದ್ದು ನಾನು ಕೇಳಿಲ್ಲ. ಅಲ್ಲಿಗೆ ಹೋಗುವ ದಿನ ಮಾತ್ರ ಇಸ್ತ್ರಿ ಮಾಡಿದ ಷರ್ಟು, ಹಣೆಗೆ ಎದ್ದು ಕಾಣುವ ವಿಭೂತಿ. ಒಂದು ವರ್ಕ್‌ಶಾಪಿನ ಯಜಮಾನ ಇವರಿಗಿಂತ ಇಪ್ಪತ್ತೈದು ವರ್ಷ ಚಿಕ್ಕವನು, ಬಾಗಿಲ ತನಕ ಬಂದು ಸ್ಕೂಟರ್ ಹಿಡಿದುಕೊಳ್ಳುತ್ತಾನಂತೆ. ಸಂಜೆ ಬಂದು ಆ ಕಥೆಯನ್ನು ಎರಡೆರಡು ಸಲ ಹೇಳುತ್ತಿದ್ದರು.

ಫೇಸ್ ಹೊಂದಿಸಿದ ಮೇಲೆ ರೂಮು ನನಗೆ ಸಿಗುವ ಆಸೆ ಪೂರ್ತಿ ಹೋಯಿತು. ಇನ್ನು ಪ್ರತಿಧ್ವನಿ ಕಡಿಮೆ ಮಾಡಬೇಕು ಎಂದು ಇವರು ಅಡಿಕೆ ಮಂಡಿಯಿಂದ ನಾಲ್ಕು ಗೋಣಿಚೀಲ ತಂದು, ಏನೇನೋ ತುಂಬಿ, ಹೊಲಿದು, ಮೂಲೆಗಳಲ್ಲಿ ನಿಲ್ಲಿಸಿದರು. ಮರುದಿನ ನಾನು ಮಾಡಿನ ಕೆಳಗಿನ ಟೇಬಲ್ಲಿನ ಖಾನೆ ಎಳೆದೆ. ಖಾಲಿ. ಪಕ್ಕದ ಟ್ರಂಕೂ ಖಾಲಿ. ನನ್ನ ಟಿಪ್ಪಣಿಗಳು, ವರ್ಷ ವರ್ಷಕ್ಕೆ ತಿದ್ದಿ ತಿದ್ದಿ ಬರೆದ ಬೌಂಡ್ ಪುಸ್ತಕಗಳು, ಕೈಯಲ್ಲಿ ಬರೆದ ಚಿತ್ರಗಳು. ಮುಂದೆ ಅದನ್ನೆಲ್ಲ ಸೇರಿಸಿ ಕನ್ನಡದಲ್ಲಿ ಮಕ್ಕಳಿಗೊಂದು ಪುಸ್ತಕ ಬರೆಯಬೇಕು ಎಂದುಕೊಂಡಿದ್ದೆ. ರೂಮು ಬೇಕಿದ್ದದ್ದೇ ಅದಕ್ಕೆ.

"ನನ್ನ ನೋಟ್ಸ್ ಎಲ್ಲಿ ರೀ?"

"ಚೀಲದಲ್ಲಿದೆ. ಹಳೇ ಹತ್ತಿ ಸಾಲ್ಲಿಲ್ಲ. ಕಾಗದ ಒಳ್ಳೆ ಸೌಂಡ್ ಹೀರ್ಕೊಳ್ತದೆ, ಗೊತ್ತಾ? ರಿಟೈರಾಗಿದೀಯಲ್ಲ, ಇನ್ಯಾಕದು?"

ಗೊತ್ತಾ ಎಂದು ನನ್ನನ್ನು ಕೇಳಿದರು. ಆ ಕ್ಷಣ ನಾನು ಈ ಮನುಷ್ಯನನ್ನು ದ್ವೇಷಿಸಿದೆ. ಬೇಸರ, ಮುನಿಸು ಎಂದು ಮೃದು ಮಾಡಿ ಹೇಳುವುದಿಲ್ಲ. ದ್ವೇಷವೇ. ಇವರನ್ನು ಈ ರೂಮಿನಿಂದ ಓಡಿಸಬೇಕು, ತಾವಾಗಿಯೇ ಬೇಡ ಎಂದು ಎದ್ದು ಹೋಗಬೇಕು ಎಂದು ತೀರ್ಮಾನಿಸಿದೆ.

ಮಾಚೇನಹಳ್ಳಿಯ ದಿನ ಬಂತು. ಸ್ಕೂಟರ್ ಗೇಟು ದಾಟಿದ ಮೇಲೆ ಕಸಬರಿಕೆ ಹಿಡಿದು ರೂಮಿಗೆ ಹೋದೆ. ಮೊಣಕಾಲೂರಿ, ಸಂದಿಯಲ್ಲಿ ಕೈ ತೂರಿಸಿ, ಬಿಲ್ಲೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಸ್ವಿಚ್ಚನ್ನು ನೂರೆಂಬತ್ತಕ್ಕೆ ತಳ್ಳಿದೆ. ಬಿಲ್ಲೆಯನ್ನು ಇದ್ದ ಹಾಗೇ ಬಿಟ್ಟೆ. ಎದ್ದು ರೂಮು ಗುಡಿಸಿದೆ. ಖುಷಿಯಾಗುತ್ತಿತ್ತು.

ಸಂಜೆ ಕಾಫಿ ಕುಡಿದು ಕುರ್ಚಿಯಲ್ಲಿ ಕೂತರು. ಹಾಡು ಶುರುವಾಯಿತು, ನಿಂತಿತು, ಮತ್ತೆ ಮೊದಲಿನಿಂದ ಶುರುವಾಯಿತು. ನಾನು ದೋಸೆಗೆ ಅಕ್ಕಿ ತೊಳೆಯುತ್ತಾ ಕೇಳುತ್ತಿದ್ದೆ. ಎದ್ದರು, ಹಿಂದಿನ ವೈರು ಕಿತ್ತು ಹಾಕಿದರು, ಕೂತರು. ಮರುದಿನ ಆಂಪ್ಲಿಫೈಯರ್ ಬಿಚ್ಚಿದರು. ಅದರ ಮರುದಿನ ನೆಹರೂ ರಸ್ತೆಗೆ ಹೋಗಿ ಹೊಸ ಕೇಬಲ್ ತಂದರು. ಪೆಟ್ಟಿಗೆ ಹಳದಿ ಗುರುತಿನ ಮೇಲೇ ಇದೆಯೇ ಎಂದು ಟೇಪು ಹಿಡಿದು ಅಳೆದರು. ಒಂದು ಸಲ ನನ್ನ ಕಣ್ಣೆದುರೇ ಟಾರ್ಚ್ ಹಿಡಿದು ಪೆಟ್ಟಿಗೆಯ ಬೆನ್ನಿನ ಕಡೆ ಬಗ್ಗಿದರು. ಬಿಲ್ಲೆ ಕಂಡಿತು, ಬೆಳಕನ್ನು ಮುಂದಿನ ವೈರಿನ ಮೇಲೆ ಬಿಟ್ಟರು. ಬಿಲ್ಲೆ ತೂಗುತ್ತಿರುವ ಕಡೆ ನೋಡಬೇಕು ಎಂದು ಅವರಿಗೆ ತೋಚಲೇ ಇಲ್ಲ.

ಆ ಭಾನುವಾರ ಭದ್ರಾವತಿಯ ಗೆಳೆಯರು ಬಂದರು. ಇವರ ಕುರ್ಚಿಯಲ್ಲಿ ಅವರು ಯಾವತ್ತೂ ಕೂರುವವರಲ್ಲ. ಯಥಾಪ್ರಕಾರ ಗೋಡೆಗೆ ಸೇರಿದ ದಿವಾನದ ಮೇಲೆ ಒರಗಿ ಕೂತರು.

"ನೋಡು, ತಳಾನೇ ಇಲ್ಲ. ಬರೀ ತಗಡು," ಎಂದರು ಇವರು.

"ಏನಣ್ಣಾ ಹೀಗಂತೀರಿ? ಗುಮ್ಮಂತ ಬರ್ತಾ ಇದೆ. ಎದೆಗೇ ಬಡೀತಿದೆ. ನಿಮಗೆ ಕೇಳಿಸ್ತಿಲ್ವಾ?"

ಗೋಡೆಯ ಪಕ್ಕದಲ್ಲಿ ಬಾಸು ಯಾವಾಗಲೂ ಹೆಚ್ಚು. ಅಲೆಗಳು ಒಂದನ್ನೊಂದು ತಿನ್ನುವುದು ಕುರ್ಚಿಯ ಹತ್ತಿರ. ಅವರು ಹೇಳಿದ್ದೂ ನಿಜ, ಇವರು ಹೇಳಿದ್ದೂ ನಿಜ. ಆ ಮನೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ, ಕೈಯಲ್ಲಿ ಚುರುಮುರಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಇವರು ಎದ್ದು ದಿವಾನದ ಹತ್ತಿರ ಹೋಗಿ ನಿಂತರು, ಮತ್ತೆ ಕುರ್ಚಿಗೆ ಬಂದರು.

"ಅಲ್ಲಿ ಜೋರಾಗಿದೆ, ಅದಕ್ಕೆ ಕೇಳ್ತದೆ. ಹದವಾಗಿದ್ರೆ ಕೇಳ್ತಿಲ್ಲ," ಎಂದರು. ಹಾಡು ನಿಲ್ಲಿಸಿ, "ಕಿವಿ ಹೋಯ್ತು ಕಣೋ," ಎಂದರು.

ಗೆಳೆಯರು ಚುರುಮುರಿಯ ತಟ್ಟೆಗೆ ಕೈ ಚಾಚಿದರು. ಅವರಿಗೆ ಅದರಲ್ಲಿ ಆಶ್ಚರ್ಯವಿರಲಿಲ್ಲ. ಕಾರ್ಖಾನೆಯ ಗದ್ದಲದಲ್ಲಿ ದುಡಿದ ಗಂಡಸರಿಗೆ ಐವತ್ತರ ಮೇಲೆ ಕಿವಿ ಮಂದವಾಗುವುದು ಭದ್ರಾವತಿಯಲ್ಲಿ ಮಾಮೂಲು. ಕ್ವಾರ್ಟರ್ಸಿನ ನಮ್ಮ ಸಾಲಿನ ಹೆಂಗಸರೆಲ್ಲ ಕೂಗಿ ಮಾತಾಡುತ್ತಿದ್ದರು. ನಾನು ಮಾತ್ರ ಕೂಗಬೇಕಿರಲಿಲ್ಲ. ಇವರ ಕಿವಿ ಉಳಿದಿದೆ ಎಂದು ಇಡೀ ಸಾಲಿಗೇ ಹೊಟ್ಟೆಕಿಚ್ಚಿತ್ತು. ಆದ್ದರಿಂದ ತೊಂದರೆ ಬಂದಾಗ ಇವರು ವೈರು ನೋಡಿದರು, ಮಷೀನು ನೋಡಿದರು, ಎಲ್ಲ ಸರಿಯಿದೆ ಎಂದ ಮೇಲೆ ತಮ್ಮ ಸರದಿ ಬಂತೆಂದುಕೊಂಡರು. ಬಿಲ್ಲೆ ಇರುವ ಸ್ವಿಚ್ಚನ್ನು ಅನುಮಾನಿಸುವುದಕ್ಕಿಂತ ತಮ್ಮ ಕಿವಿಯನ್ನು ಅನುಮಾನಿಸುವುದು ಇವರಿಗೆ ಸುಲಭವಾಯಿತು.

ಆವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಗೋಣಿಚೀಲಗಳು ಇನ್ನೂ ಮೂಲೆಯಲ್ಲಿ ನಿಂತಿದ್ದವು.

ಕಿವಿ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ದನಿ ಕೇಳಿದಾಗಲೆಲ್ಲ ಬೆರಳು ಎತ್ತಿ ಎಂದರು. ಹೊರಗಿನಿಂದ ನೋಡುತ್ತಿದ್ದೆ. ಶಾಲೆಯ ಮಗುವಿನ ಹಾಗೆ ಕಣ್ಣು ಮುಚ್ಚಿ, ಬೆರಳು ಎತ್ತಿ ಎತ್ತಿ ಇಳಿಸುತ್ತಿದ್ದರು. ಡಾಕ್ಟರು ಆವತ್ತು ಸಿಗಲಿಲ್ಲ, ಪರೀಕ್ಷೆ ಮಾಡಿದ ಹುಡುಗಿ ಅರ್ಧ ಇಂಗ್ಲಿಷಿನಲ್ಲಿ ಬಡಬಡ ಹೇಳಿ ಕಾಗದ ಕೊಟ್ಟು ಇನ್ನೊಬ್ಬರನ್ನು ಕರೆದಳು. ಕಾರಿಡಾರಿನ ಬೆಂಚಿನ ಮೇಲೆ ಇವರು ಕಾಗದವನ್ನು ನನ್ನ ಕೈಗೆ ಕೊಟ್ಟರು. "ನೀನ್ ನೋಡು, ನಿಂಗೆ ಗ್ರಾಫ್ ಗೊತ್ತಾಗ್ತದೆ," ಎಂದರು.

ನೋಡಿದೆ. ಎಡಗಡೆ ತಳದ ದನಿಗಳು, ಬಲಗಡೆಗೆ ಹೋದಂತೆ ಕೀಚಲು ದನಿಗಳು. ಎಡಗಡೆ ಗೆರೆ ಮೇಜಿನ ಮೇಲಿಟ್ಟ ಹಾಗೆ ನೇರವಾಗಿತ್ತು. ಬಲಗಡೆ ಕೊನೆಯಲ್ಲಿ ಮಾತ್ರ ಇಳಿದಿತ್ತು, ಆ ವಯಸ್ಸಿನ ಯಾರಿಗಾದರೂ ಇಳಿಯುವಷ್ಟು. ಬೇರಿಂಗಿನ ಗುರುಗುರು ಕೇಳಲು, ಮೃದಂಗ ಕೇಳಲು ಬೇಕಾದದ್ದೆಲ್ಲ ಸರಿಯಾಗಿತ್ತು.

"ಏನಂತೆ?"

"ಕಡಿಮೆ ಆಗಿದೆ ರೀ," ಎಂದೆ.

ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಕಡೆ ಕಡಿಮೆಯಾಗಿತ್ತಲ್ಲ. ಸ್ವಿಚ್ಚು ತಿರುಗಿಸಿದ್ದನ್ನು ಸಿಟ್ಟಿನ ಲೆಕ್ಕಕ್ಕೆ ಹಾಕಬಹುದೇನೋ, ಈ ಬೆಂಚಿನ ಮೇಲೆ ಆಡಿದ ಮಾತನ್ನು ಯಾವ ಲೆಕ್ಕಕ್ಕೂ ಹಾಕಲಾಗುವುದಿಲ್ಲ. ಕಾಗದವನ್ನು ಮಡಚಿ ನನ್ನ ಬ್ಯಾಗಿನೊಳಗೆ ಇಟ್ಟುಕೊಂಡೆ.

ಮನೆಗೆ ಬಂದವರೇ ಮೊಬೈಲ್ ತೆಗೆದು ಮಾಚೇನಹಳ್ಳಿಗೆ ಫೋನ್ ಮಾಡಿದರು. "ಇನ್ಮೇಲೆ ನಾನು ಬರಲ್ಲ. ಕಿವಿ ಹೋಗಿದೆ. ತಪ್ಪು ಹೇಳಿ ನಿಮ್ಮ ಮಷೀನ್ ಹಾಳಾದ್ರೆ ನನಗೆ ತಡ್ಕೊಳ್ಳಕ್ಕಾಗಲ್ಲ," ಎಂದರು. ಇದು ನನ್ನ ತಲೆಯಲ್ಲೇ ಇರಲಿಲ್ಲ. ನನಗೆ ಬೇಕಿದ್ದದ್ದು ರೂಮು ಮಾತ್ರ. ಒಂದು ಕುರ್ಚಿಯಿಂದ ಎಬ್ಬಿಸಲು ಹೋಗಿ ಇನ್ನೆಲ್ಲಿಂದಲೋ ಎಬ್ಬಿಸಿದ್ದೆ. ಆದರೂ ನಾನು ಬಾಯಿ ಬಿಡಲಿಲ್ಲ, ಏಕೆಂದರೆ ಮರುದಿನ ಬೆಳಿಗ್ಗೆ ಇವರು ಸ್ಪೀಕರು, ಪೆಟ್ಟಿಗೆ ಎಲ್ಲದರ ಮೇಲೂ ಹಳೆಯ ಬೆಡ್‌ಶೀಟು ಹೊದಿಸಿ, "ನಿನ್ ಟೇಬಲ್ ಒಳಗಿಟ್ಕೋ," ಎಂದರು.

ಇಟ್ಟುಕೊಂಡೆ. ಚೀಲಗಳ ಹೊಲಿಗೆ ಬಿಚ್ಚಿ ನೋಟ್ಸ್ ಹೊರಗೆ ತೆಗೆದೆ, ಹತ್ತಿಯ ಎಳೆ ಕೊಡವಿ ಜೋಡಿಸಿದೆ. ಐದು ತಿಂಗಳು ಆ ರೂಮಿನಲ್ಲಿ ಕೂತೆ. ಪುಸ್ತಕದ ಮೊದಲ ಮೂರು ಅಧ್ಯಾಯ ಬರೆದೆ. ಚೆನ್ನಾಗಿ ಬಂದವು, ಅದನ್ನೂ ಮುಚ್ಚಿಡುವುದಿಲ್ಲ. ಹೊರಗೆ ಹಾಲಿನಲ್ಲಿ ಇವರು ಟಿವಿಯ ಸೌಂಡು ತೆಗೆದು ಬರೀ ಚಿತ್ರ ನೋಡುತ್ತಿದ್ದರು. ಷರ್ಟು ಇಸ್ತ್ರಿಗೆ ಕೊಡುವುದು ನಿಂತಿತು. ಗಾಜನೂರಿನ ಕಡೆಯ ನೆಂಟರ ಮನೆಯ ಗೃಹಪ್ರವೇಶಕ್ಕೆ ಕರೆದಾಗ, "ಜನ ಮಾತಾಡಿಸ್ತಾರೆ, ನಾನ್ ಏನೋ ಒಂದು ಹೇಳ್ತೀನಿ. ನೀನೇ ಹೋಗ್ಬಾ," ಎಂದರು. ಮಾತೆಲ್ಲ ಕೇಳುತ್ತಿತ್ತು ಇವರಿಗೆ. ಕೇಳಿದ್ದು ಸರಿಯೋ ಎಂಬ ಧೈರ್ಯ ಇರಲಿಲ್ಲ.

ನನ್ನ ಮನಸ್ಸು ಮೆತ್ತಗಾದದ್ದು ಇದರಿಂದಲ್ಲ. ಮುಖ ಊದಿಸಿಕೊಂಡು ಕೂತ ಗಂಡಸನ್ನು ನೋಡಿ ನನಗೆ ಇನ್ನೂ ಸಿಟ್ಟೇ ಬರುತ್ತಿತ್ತು. ನನ್ನ ಟೇಬಲ್ಲು ಒಗೆಯುವ ಕಲ್ಲಿನ ಪಕ್ಕ ನಿಂತಿದ್ದಾಗ ನನ್ನ ಮುಖ ಯಾರು ನೋಡಿದ್ದರು?

ಒಂದು ಬೆಳಿಗ್ಗೆ ನೀರು ಬಿಟ್ಟಿದ್ದರು. ಸಂಪಿನ ಮೋಟಾರು ಹಾಕಿ ಬಟ್ಟೆ ನೆನೆಸಲು ಹಿಂದೆ ಹೋದೆ. ಇವರು ಸಂಪಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ಸ್ಕ್ರೂಡ್ರೈವರಿನ ತುದಿ ಮೋಟಾರಿನ ಮೇಲೆ, ಹಿಡಿ ಕಿವಿಯ ಎಲುಬಿಗೆ. ನನ್ನನ್ನು ನೋಡಿ ಕದ್ದು ಸಿಕ್ಕಿಬಿದ್ದವರಂತೆ ಅದನ್ನು ಕೆಳಗಿಟ್ಟರು. ಆಮೇಲೆ ನನ್ನ ಕಡೆ ನೋಡಿ ಕೇಳಿದರು:

"ಬಾ ಇಲ್ಲಿ, ಒಂಚೂರು ಕೇಳು. ಹಿಂದಿನ ಬೇರಿಂಗು ಗುರ್ ಅಂತಿದೆಯಾ, ನಂಗೇ ಹಂಗೆ ಅನ್ನಿಸ್ತಿದೆಯಾ?"

ಕೂತು ಹಿಡಿಯನ್ನು ಕಿವಿಗೆ ಒತ್ತಿಕೊಂಡೆ. ನನಗೆ ಏನೂ ಕೇಳಲಿಲ್ಲ. ಬರೀ ಮೋಟಾರಿನ ಸದ್ದು. ಈ ಮನುಷ್ಯನಿಗೆ ಇರುವ ಕಿವಿ ನನಗಿಲ್ಲ, ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನಿಗೂ ಇರಲಿಲ್ಲ. ಅಂಥ ಕಿವಿ ಇಟ್ಟುಕೊಂಡು ಇವರು ನನ್ನನ್ನು ಕೇಳುತ್ತಿದ್ದರು.

ಎದ್ದು ರೂಮಿಗೆ ಹೋದೆ. ಬೆಡ್‌ಶೀಟು ಎಳೆದೆ, ಸಂದಿಯಲ್ಲಿ ಕೈ ಹಾಕಿ ಸ್ವಿಚ್ಚನ್ನು ಸೊನ್ನೆಗೆ ತಂದೆ, ಟೇಬಲ್ಲನ್ನು ಮೂಲೆಗೆ ಸರಿಸಿ, ಕುರ್ಚಿಯನ್ನು ಮೊದಲಿನ ಜಾಗಕ್ಕೆ ಎಳೆದು ಇವರನ್ನು ಕರೆದು ಕೂರಿಸಿದೆ. ಹಾಡು ಹಾಕಿದೆ. ಮೃದಂಗ ಬಂದ ಕೂಡಲೇ ಇವರ ಎರಡೂ ಕೈ ಕುರ್ಚಿಯ ತೋಳುಗಳನ್ನು ಹಿಡಿದವು.

"ಬಂತು," ಎಂದರು. "ಬಂತು ಮಾರಾಯ್ತಿ. ಪೂರ್ತಿ ಬಂತು."

ಒಂದು ಹಾಡು ಮುಗಿಯುವ ತನಕ ಹಾಗೇ ಕೂತಿದ್ದರು, ಕಣ್ಣಲ್ಲಿ ನೀರು. ಇಲ್ಲಿಗೇ ಬಿಟ್ಟಿದ್ದರೆ ನಾನು ಬಚಾವಾಗುತ್ತಿದ್ದೆ. ದೇವರು ಕೊಟ್ಟ ಎಂದು ನಂಬುವ ಮನುಷ್ಯ ಆಗಿದ್ದರೆ ನಂಬುತ್ತಿದ್ದರು. ಆದರೆ ಇವರು ಮೆಕ್ಯಾನಿಕ್ಕು. ಕೆಟ್ಟದ್ದು ತಾನಾಗಿ ಸರಿಹೋಗುವುದನ್ನು ನಂಬುವವರಲ್ಲ. ಹಾಡು ಮುಗಿದ ಮೇಲೆ ನನ್ನ ಕಡೆ ತಿರುಗಿದರು.

"ಏನ್ ಮಾಡ್ದೆ?"

"ಸ್ವಿಚ್ ತಿರುಗಿಸ್ದೆ."

"ಯಾವ್ ಸ್ವಿಚ್?"

"ಫೇಸ್ದು. ನಾನೇ ನೂರೆಂಬತ್ತಕ್ಕೆ ಹಾಕಿದ್ದೆ. ನೀವು ಮಾಚೇನಹಳ್ಳಿಗೆ ಹೋಗಿದ್ದಾಗ."

ಇವರು ಪೆಟ್ಟಿಗೆಯ ಕಡೆ ತಿರುಗಿದರು.

"ಅದಕ್ಕೆ ನನ್ ಬಿಲ್ಲೆ ಇತ್ತಲ್ಲ."

"ಇತ್ತು."

"ಇದ್ದೂ ಮುಟ್ಟಿದ್ಯಾ?"

"ಹ್ಞೂಂ."

"ಡಾಕ್ಟ್ರ ಕಾಗದ?"

ಬ್ಯಾಗಿನಿಂದ ತಂದು ಕೊಟ್ಟೆ. ಎಡಗಡೆಯ ಗೆರೆಯ ಮೇಲೆ ಬೆರಳಿಟ್ಟು, ಇದು ತಳದ ದನಿ, ಇದು ಸರಿಯಾಗೇ ಇದೆ ಎಂದು ಹೇಳಿದೆ, ಐದು ತಿಂಗಳ ಹಿಂದೆ ಆ ಬೆಂಚಿನ ಮೇಲೆ ಹೇಳಬೇಕಿದ್ದದ್ದನ್ನು. ಇವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿ ಎಂದೇ ಕಾಯುತ್ತಿದ್ದೆ, ನನ್ನ ಹತ್ತಿರವೂ ತಿರುಗಿಸಿ ಹೇಳಲು ಟೇಬಲ್ಲಿನ ವಿಷಯವಿತ್ತು, ನೋಟ್ಸಿನ ವಿಷಯವಿತ್ತು. ಇವರು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಮೊಬೈಲ್ ತೆಗೆದರು. ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವವರು, ಆವತ್ತೂ ಹಾಗೇ ಮಾತಾಡಿದರು.

"ನಾನ್ ಕಣ್ರೀ. ಕಿವಿ ಸರಿಯಾಗಿದೆ. ಈ ವಾರದಿಂದ ಬರ್ತೀನಿ."

"ಅಯ್ಯೋ, ತುಂಬಾ ಒಳ್ಳೇದಾಯ್ತು ಸಾರ್," ಎಂದ ಆ ಕಡೆಯಿಂದ ವರ್ಕ್‌ಶಾಪಿನ ಯಜಮಾನ. "ಆದ್ರೆ ಸಾರ್, ನೀವು ಬರಲ್ಲ ಅಂದ್ಮೇಲೆ ನಾವೊಂದು ಮೀಟರ್ ತರಿಸ್ಬಿಟ್ವಿ. ಬೇರಿಂಗ್ ಮೇಲೆ ಇಟ್ರೆ ನಂಬರೇ ತೋರಿಸ್ತದೆ. ಪಕ್ಕದವ್ರೂ ಅದನ್ನೇ ಇಸ್ಕೊಂಡ್ ಹೋಗ್ತಾರೆ. ಇನ್ನು ನಿಮಗ್ಯಾಕ್ ತೊಂದ್ರೆ ಸಾರ್? ಸುಮ್ನೆ ಒಂದಿನ ಬಂದ್ಹೋಗಿ, ಟೀ ಕುಡಿಯೋಣ."

"ಆಯ್ತು. ಬರ್ತೀನಿ," ಎಂದರು. ಫೋನ್ ಇಟ್ಟು ನನ್ನ ಕಡೆ ನೋಡಲಿಲ್ಲ.

ಆ ವಾರವಿಡೀ ಮನೆಯಲ್ಲಿ ಮಾತಿಲ್ಲ. ನಾನು ತಟ್ಟೆ ಇಟ್ಟರೆ ಊಟ ಮಾಡುತ್ತಿದ್ದರು, ತೊಳೆದಿಟ್ಟು ಏಳುತ್ತಿದ್ದರು. ಭಾನುವಾರ ಭದ್ರಾವತಿಯ ಗೆಳೆಯರು ಒಂದು ಗೂಡ್ಸ್ ಆಟೊ ತಂದರು. ಇಬ್ಬರೂ ಸೇರಿ ಸ್ಪೀಕರು, ಆಂಪ್ಲಿಫೈಯರು, ಕಪ್ಪು ಪೆಟ್ಟಿಗೆ, ಕುರ್ಚಿ ಎಲ್ಲ ಹೊತ್ತು ಹಾಕಿದರು. "ಯಾಕಣ್ಣಾ, ಕಿವಿ ಸರಿಹೋಯ್ತು ಅಂದ್ರಿ?" ಎಂದು ಅವರು ಕೇಳುವುದು ಕಿಟಕಿಯಿಂದ ಕೇಳಿಸಿತು. "ಇಟ್ಕೋ ಮಾರಾಯ, ನಿಂಗೆ ಆಗ್ತದೆ," ಎಂದರು ಇವರು. ನನ್ನ ಹೆಸರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಟೊ ಹೋದ ಮೇಲೆ ಥಿನ್ನರ್ ತಂದು, ಮಂಡಿಯೂರಿ ಕೂತು, ಗ್ರಾನೈಟಿನ ಮೇಲಿನ ಹಳದಿ ಗುರುತನ್ನು ಬಟ್ಟೆಯಿಂದ ತಿಕ್ಕಿ ತಿಕ್ಕಿ ತೆಗೆದರು. ರೂಮು ಗುಡಿಸಿ ಒರೆಸಿದರು. ಮೂಲೆಗೆ ಸರಿಸಿದ್ದ ನನ್ನ ಟೇಬಲ್ಲನ್ನು ಒಬ್ಬರೇ ಎಳೆದು ನಡುವಿಗೆ ತಂದು, ಅಲ್ಲಾಡುತ್ತಿದ್ದ ಕಾಲಿಗೆ ಒಂದು ರಟ್ಟು ಮಡಚಿ ಕೊಟ್ಟರು. ನನ್ನ ನೋಟ್ಸಿನ ಕಟ್ಟುಗಳನ್ನು ಅದರ ಮೇಲೆ ಸಾಲಾಗಿ ಜೋಡಿಸಿದರು. ಆಮೇಲೆ ಅಡುಗೆಮನೆಗೆ ಬಂದು ನನ್ನನ್ನು ಕರೆದರು.

"ರೂಮ್ ಖಾಲಿ ಮಾಡ್ಕೊಟ್ಟಿದೀನಿ."

"ನಂಗೆ ಬೇಡ ರೀ ಅದು."

"ಬೇಕು ಅಂತ ತಾನೆ ಇಷ್ಟೆಲ್ಲ ಮಾಡಿದ್ದು? ಹೋಗು. ಹೋಗಿ ಕೂತ್ಕೋ."

ಹೋಗಿ ಕೂತೆ.